ನರ್ಸರಿ ಗಿಡಾನ ಬೋನ್ಸಾಯ್ ಮಾಡೋದು: ಎಲೆ ಉದುರಿಸೋ ಮರಕ್ಕೆ ಬುಡದಿಂದ ರೂಪ ಕೊಡೋ ಕ್ರಮ

ಬೋನ್ಸಾಯ್ ಮಾಡ್ಬೇಕು ಅಂತ ನರ್ಸರಿಗೆ ಹೋದವರು ಮೊದಲು ನೋಡೋದು ಎಲೇನ. ಬಣ್ಣ ಚೆನ್ನಾಗಿದೆಯಾ, ಗಿಡ ಪೊದೆಪೊದೆಯಾಗಿ ತುಂಬ್ಕೊಂಡಿದೆಯಾ, ಎತ್ತರ ಎಷ್ಟಿದೆ, ಅಷ್ಟೇ. ಪೈನ್, ಜುನಿಪರ್ ಥರದ ಗಿಡಕ್ಕೆ ಹಸಿರು ವರ್ಷಪೂರ್ತಿ ಇರೋದ್ರಿಂದ ಒಂದಷ್ಟು ತಪ್ಪು ಅದರೊಳಗೇ ಮುಚ್ಚಿಹೋಗತ್ತೆ, ಆದ್ರೆ ಎಲೆ ಉದುರಿಸೋ ಮರ ವರ್ಷದಲ್ಲಿ ಕೆಲವು ತಿಂಗಳು ಬರಿ ಮೈಯಲ್ಲಿ ನಿಂತಿರತ್ತೆ, ಆಗ ಬುಡ ಹೇಗಿದೆ, ಕಾಂಡ ಎಲ್ಲಿ ಉಬ್ಬಿದೆ, ಯಾವ ಕೊಂಬೇನ ಎಷ್ಟು ಒರಟಾಗಿ ಕತ್ತರಿಸಿದ್ದೀವಿ ಎಲ್ಲಾ ಬಯಲು. ಜಪಾನಲ್ಲಿ 1934ರಲ್ಲಿ ಶುರುವಾದ ಕೊಕುಫು ಅನ್ನೋ ಬೋನ್ಸಾಯ್ ಪ್ರದರ್ಶನ ಈಗ ಪ್ರತಿ ವರ್ಷ ಫೆಬ್ರವರಿಯಲ್ಲಿ ನಡಿಯತ್ತೆ, ಅಲ್ಲಿ ಮೇಪಲ್, ಜೆಲ್ಕೋವಾ ಮರಗಳನ್ನ ಒಂದೂ ಎಲೆ ಇಲ್ಲದೆ ಇಟ್ಟಿರ್ತಾರೆ. ಅಂಥ ಮರಗಳ ಫೋಟೋ ಒಂದ್ಸಲ ನಿಧಾನವಾಗಿ ನೋಡಿ, ನಿಮ್ಮ ಗಿಡದಲ್ಲಿ ಏನು ಹುಡುಕ್ಬೇಕು ಅನ್ನೋದು ಅಲ್ಲೇ ಅರ್ಥ ಆಗತ್ತೆ.

ನಾನಿಲ್ಲಿ ಹೇಳೋ ಕ್ರಮದಲ್ಲಿ ಎರಡೇ ವಿಷಯಕ್ಕೆ ಪಟ್ಟು ಹಿಡಿದಿದ್ದೀನಿ. ಕೆಲಸ ಬುಡದಿಂದ ಮೇಲಕ್ಕೆ ಹೋಗ್ಬೇಕು, ಮತ್ತೆ ಒಂದು ಸೀಸನ್‌ಗೆ ಒಂದೇ ದೊಡ್ಡ ಕೆಲಸ. ಒಂದೇ ಮಧ್ಯಾಹ್ನದಲ್ಲಿ ನರ್ಸರಿ ಗಿಡ ಬೋನ್ಸಾಯ್ ಆಗಿಬಿಡೋ ವಿಡಿಯೋಗಳು ನೋಡೋಕೆ ಚೆಂದ ಇರತ್ತೆ, ಆದ್ರೆ ಎಲೆ ಉದುರಿಸೋ ಮರಕ್ಕೆ ಆ ದಾರಿ ಒಗ್ಗಲ್ಲ, ಇದಕ್ಕೆ ವರ್ಷಗಳೇ ಬೇಕು.

ಗಿಡ ಆರಿಸೋದು

ಹೊಸಬರಿಗೆ ನಾನು ಮೊದಲು ಹೇಳೋದು ಟ್ರೈಡೆಂಟ್ ಮೇಪಲ್ ಅಥವಾ ಚೈನೀಸ್ ಎಲ್ಮ್. ಎರಡೂ ಕತ್ತರಿಸಿದ್ರೆ ಚೆನ್ನಾಗಿ ಚಿಗುರ್ತವೆ, ಬೇರು ಕತ್ತರಿಸಿದ್ರೂ ತಡ್ಕೊಳ್ತವೆ, ಎಲೆ ಸಣ್ಣದಾಗತ್ತೆ. ಹಾರ್ನ್‌ಬೀಮ್ ಕೂಡ ಒಳ್ಳೇದೇ. ಬೀಚ್ ನೋಡೋಕೆ ತುಂಬಾ ಸುಂದರ, ಆದ್ರೆ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಸಲ ಜೋರಾಗಿ ಚಿಗುರೋದು, ಹಾಗಾಗಿ ನಿಧಾನ. ದೊಡ್ಡ ಎಲೆಯ ಮರಗಳನ್ನ, ಅದರಲ್ಲೂ ಒಂದೇ ತೊಟ್ಟಲ್ಲಿ ಸಾಲಾಗಿ ಎಲೆ ಬರೋ ಜಾತಿಗಳನ್ನ, ಸಣ್ಣ ಬೋನ್ಸಾಯ್‌ಗೆ ತಗೋಬೇಡಿ, ಎಲೆ ಉದುರಿದಾಗ ರೆಂಬೆಗಳು ದಪ್ಪ ದಪ್ಪ ಕಡ್ಡಿ ಥರ ಕಾಣ್ತವೆ.

ಜಪಾನೀಸ್ ಮೇಪಲ್‌ನಲ್ಲಿ ಒಂದು ಎಚ್ಚರಿಕೆ ಇದೆ. ಕೆಂಪು ಎಲೆ, ದಾರದಂಥ ಎಲೆ ಅಂತ ಹೆಸರಿಟ್ಟು ಮಾರೋ ತಳಿಗಳು ಬಹುಪಾಲು ಕಸಿ ಕಟ್ಟಿದ ಗಿಡಗಳೇ ಆಗಿರ್ತವೆ. ಕಸಿ ಮಾಡಿದ ಜಾಗದಲ್ಲಿ ಒಂದು ಗಂಟು ಇರತ್ತೆ, ಕೆಳಗಿನ ತೊಗಟೆ ಒಂಥರ, ಮೇಲಿನ ತೊಗಟೆ ಇನ್ನೊಂಥರ, ಗಿಡ ದೊಡ್ಡದಾದ ಹಾಗೆ ಆ ವ್ಯತ್ಯಾಸ ಎದ್ದು ಕಾಣತ್ತೆ, ಆ ಗಂಟನ್ನ ಆಮೇಲೆ ಸರಿ ಮಾಡೋದು ಬಹಳ ಕಷ್ಟ. ಬೀಜದಿಂದ ಬಂದ ಅಥವಾ ಕಡ್ಡಿ ನೆಟ್ಟು ಬೆಳೆಸಿದ ಸಾದಾ ಹಸಿರು ಮೇಪಲ್ ಸಿಕ್ಕಿದ್ರೆ ಕಣ್ಣು ಮುಚ್ಕೊಂಡು ಅದನ್ನೇ ತಗೊಳ್ಳಿ.

ಈಗ ಗಿಡದ ಮುಂದೆ ಕೂತ್ಕೊಳ್ಳಿ. ನಿಂತಲ್ಲಿಂದ ನೋಡಿದ್ರೆ ಬುಡ ಕಾಣಲ್ಲ. ನರ್ಸರಿಯವರು ಪಾಟ್ ಬದಲಾಯಿಸಿದಾಗೆಲ್ಲ ಮೇಲೆ ಒಂದಿಷ್ಟು ಮಣ್ಣು ಸುರಿದಿರ್ತಾರೆ, ಹಾಗಾಗಿ ನಿಜವಾದ ಬುಡ ಮಣ್ಣಿನ ಒಳಗೆ ಹೂತಿರತ್ತೆ. ಕೇಳ್ಕೊಂಡು, ಬೆರಳಿಂದ ಕಾಂಡದ ಸುತ್ತ ಮಣ್ಣು ಸರಿಸಿ, ಎರಡು ಮೂರು ಸೆಂಟಿಮೀಟರ್, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಬೆರಳಿಗೆ ಒಂದು ಕಡೆ ದಪ್ಪ ಬೇರು ಸಿಗತ್ತೆ, ಹಾಗೇ ಸುತ್ತ ಬೆರಳಾಡಿಸಿ ಇನ್ನೆಷ್ಟು ಕಡೆ ಸಿಗತ್ತೆ ನೋಡಿ. ಕಾಂಡ ಮಣ್ಣಿಗೆ ಇಳಿಯೋ ಜಾಗದಲ್ಲಿ ಅಗಲ ಆಗ್ತಾ ಬೇರುಗಳು ಎಲ್ಲಾ ದಿಕ್ಕಿಗೂ ಹರಡಿರೋದನ್ನ ಜಪಾನೀಯರು ನೆಬಾರಿ ಅಂತಾರೆ, ಮರಕ್ಕೆ ವಯಸ್ಸಾಗಿದೆ ಅಂತ ನೋಡೋರ ಕಣ್ಣಿಗೆ ಮೊದಲು ಹೇಳೋದು ಅದೇ. ಒಂದೇ ಕಡೆ ಒಂದು ದಪ್ಪ ಬೇರು ಇದ್ದು ಉಳಿದ ಕಡೆ ಏನೂ ಸಿಗಲಿಲ್ಲ ಅಂದ್ರೆ ಆ ಗಿಡ ಬಿಟ್ಟು ಪಕ್ಕದ್ದು ನೋಡಿ. ಕೊಂಬೆಗಳ ಬಗ್ಗೆ ತಲೆ ಕೆಡಿಸ್ಕೊಳ್ಳೋದೇ ಬೇಡ, ಕೊಂಬೆ ಮುಂದೆ ಬೆಳೆಸ್ಕೋಬಹುದು. ಬುಡದಿಂದ ಮೊದಲ ಹತ್ತು ಸೆಂಟಿಮೀಟರ್ ಕಾಂಡ, ಅದರಲ್ಲಿ ಒಂದು ಸಣ್ಣ ಬಳುಕು, ಇಷ್ಟಿದ್ರೆ ನಿಮಗೆ ಬೇಕಾದ್ದೆಲ್ಲಾ ಸಿಕ್ಕಿದ ಹಾಗೆ.

ನನ್ನ ಹತ್ರ ಇರೋ ಟ್ರೈಡೆಂಟ್ ಮೇಪಲ್ ತಂದಾಗ ಸುಮಾರು ಒಂದೂವರೆ ಮೀಟರ್ ಉದ್ದದ ಕೋಲು ಅದು, ತುದಿಯಲ್ಲಿ ಒಂದಿಷ್ಟು ಎಲೆ. ಸಾಲಲ್ಲಿ ಅದಕ್ಕಿಂತ ಚೆಂದದ ಗಿಡಗಳು ಎಷ್ಟೋ ಇದ್ದವು. ಆದ್ರೆ ನಾಲ್ಕು ಸೆಂಟಿಮೀಟರ್ ಮಣ್ಣು ಸರಿಸಿದಾಗ ಒಳಗೆ ಐದು ಬೇರು ಕೋಳಿ ಪಾದದ ಥರ ಹರಡಿದ್ದು ಕಂಡಿತು, ಅಲ್ಲೇ ತೀರ್ಮಾನ ಆಗೋಯ್ತು.

ಕತ್ತರಿ ಮುಟ್ಟೋ ಮುಂಚೆ ಒಂದು ಲೆಕ್ಕ

ಬುಡದ ದಪ್ಪ ಅಳೀರಿ, ಬೇರು ಅಗಲ ಆಗೋ ಜಾಗದಿಂದ ಸ್ವಲ್ಪ ಮೇಲೆ. ಸಾಮಾನ್ಯವಾಗಿ ಎತ್ತರ ಅನ್ನೋದು ಬುಡದ ದಪ್ಪದ ಆರು ಪಟ್ಟು ಇದ್ರೆ ಮರ ಗಟ್ಟಿಯಾಗಿ, ಹಳೇದಾಗಿ ಕಾಣತ್ತೆ. ನನ್ನ ಗಿಡದ ಬುಡ ನಾಲ್ಕು ಸೆಂಟಿಮೀಟರ್, ಹಾಗಾದ್ರೆ ಮುಗಿದ ಮರ ಸುಮಾರು 24 ಸೆಂಟಿಮೀಟರ್. ಅಂದ್ರೆ ಒಂದೂವರೆ ಮೀಟರ್ ಗಿಡದಲ್ಲಿ ಬಹುಪಾಲು ಹೋಗ್ಲೇಬೇಕು. ಇದು ಕಟ್ಟಳೆ ಏನಲ್ಲ, ತೆಳ್ಳಗೆ ಉದ್ದಕ್ಕಿರೋ ಮರಗಳಿಗೂ ಅವುಗಳದ್ದೇ ಸೊಗಸು ಇದೆ, ಆದ್ರೆ ಮೊದಲ ಮರಕ್ಕೆ ಈ ಲೆಕ್ಕ ಹಿಡ್ಕೊಂಡ್ರೆ ದಾರಿ ತಪ್ಪಲ್ಲ. ಇನ್ನೂ ದಪ್ಪ ಬುಡ ಬೇಕು ಅಂದ್ರೆ ಈಗ ಕತ್ತರಿಸಬೇಡಿ, ನೆಲದಲ್ಲೋ ಅಗಲವಾದ ಪೆಟ್ಟಿಗೆಯಲ್ಲೋ ಎರಡು ಮೂರು ವರ್ಷ ಮನಸ್ಸಿಗೆ ಬಂದಂತೆ ಬೆಳೆಯೋಕೆ ಬಿಡಿ, ಕಾಂಡ ದಪ್ಪ ಆಗೋದು ಮೇಲೆ ಉದ್ದುದ್ದ ಬೆಳೆಯೋ ಕೊಂಬೆಗಳಿಂದಲೇ, ಮೇಲೆ ಕತ್ತರಿಸ್ತಾ ಇದ್ರೆ ಕೆಳಗೆ ದಪ್ಪ ಆಗಲ್ಲ.

ಮೊದಲ ವಸಂತ: ಬೇರಿನ ಕೆಲಸ ಮಾತ್ರ

ಚಳಿಗಾಲ ಮುಗಿಯೋ ಹೊತ್ತಿಗೆ ಮೊಗ್ಗುಗಳನ್ನ ದಿನಾ ನೋಡ್ತಿರಿ. ಮೊಗ್ಗು ಊದ್ಕೊಂಡು, ತುದಿಯಲ್ಲಿ ಸ್ವಲ್ಪ ಬಣ್ಣ ಕಾಣಿಸ್ಕೊಂಡು, ಇನ್ನೂ ಎಲೆ ಬಿಚ್ಚಿರಲ್ಲ, ಆ ಒಂದೆರಡು ವಾರವೇ ಬೇರು ಮುಟ್ಟೋಕೆ ಸರಿಯಾದ ಸಮಯ. ಕ್ಯಾಲೆಂಡರ್ ನೋಡಿ ಮಾಡೋ ಕೆಲಸ ಅಲ್ಲ ಇದು, ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗತ್ತೆ, ಗಿಡವೇ ಹೇಳತ್ತೆ. ಎಲೆ ಬಿಚ್ಚಿದ ಮೇಲೆ ಬೇರು ಕತ್ತರಿಸಿದ್ರೆ ಎಲೆಯಿಂದ ನೀರು ಆವಿ ಆಗ್ತಾ ಇರತ್ತೆ, ಎಳೆಯೋಕೆ ಬೇರಿರಲ್ಲ, ಗಿಡ ಬಾಡತ್ತೆ.

ಪಾಟಿಂದ ಗಿಡ ತೆಗೀರಿ. ಬೇರುಗಳು ಪಾಟಿನ ಒಳಗೋಡೆಗೆ ಸುತ್ತು ಹಾಕ್ಕೊಂಡು ಸಿಂಬೆ ಥರ ಆಗಿರ್ತವೆ. ಮೊದಲು ಆ ಸುತ್ತನ್ನ ಗರಗಸದಿಂದಲೋ ಗಟ್ಟಿ ಕತ್ತರಿಯಿಂದಲೋ ಕೆಳಗಿನ ಅರ್ಧದಷ್ಟು ತೆಗೆದುಬಿಡಿ. ಆಮೇಲೆ ಬಿದಿರು ಕಡ್ಡಿ ತಗೊಂಡು ಕಾಂಡದಿಂದ ಹೊರಗಡೆಗೆ, ಕೂದಲು ಬಾಚಿದ ಹಾಗೆ, ಬೇರು ಬಿಡಿಸ್ತಾ ಬನ್ನಿ. ಯಾವತ್ತೂ ಒಳಗಿಂದ ಹೊರಕ್ಕೆ, ಹೊರಗಿಂದ ಒಳಕ್ಕೆ ಎಳೆದ್ರೆ ಬೇರು ಹರಿಯತ್ತೆ. ಅಂಟು ಮಣ್ಣಾಗಿದ್ರೆ ಪೈಪ್ ನೀರಲ್ಲಿ ತೊಳೀರಿ. ಈ ಕೆಲಸಕ್ಕೆ ನೆರಳಲ್ಲಿ ಕೂರಿ, ಪಕ್ಕದಲ್ಲಿ ನೀರು ಚಿಮುಕಿಸೋ ಬಾಟಲ್ ಇಟ್ಕೊಂಡು ಐದೈದು ನಿಮಿಷಕ್ಕೆ ಬೇರಿನ ಮೇಲೆ ಹೊಡೀತಾ ಇರಿ, ಸಣ್ಣ ಬೇರು ಒಂದ್ಸಲ ಒಣಗಿದ್ರೆ ಮತ್ತೆ ಜೀವ ಬರಲ್ಲ.

ಬೇರೆಲ್ಲ ಬಿಚ್ಚಿ ಗಿಡ ತಲೆಕೆಳಗು ಮಾಡಿ ನೋಡಿದಾಗ ಚಿತ್ರ ಸ್ಪಷ್ಟ ಆಗತ್ತೆ. ನೇರ ಕೆಳಗೆ ಹೋಗಿರೋ ತಾಯಿಬೇರು ಮೊದಲು ಹೋಗ್ಬೇಕು, ಅದನ್ನ ಬುಡದ ಹತ್ರಕ್ಕೇ ಸಮನಾಗಿ ಕತ್ತರಿಸಿ. ಆದ್ರೆ ಒಂದು ಮಾತು, ಪಕ್ಕದ ಬೇರುಗಳಲ್ಲಿ ಸಣ್ಣ ಹೀರುಬೇರು ಇದೆಯಾ ಅಂತ ನೋಡ್ಕೊಂಡು ಮಾಡಿ, ಇಲ್ಲಾಂದ್ರೆ ಅರ್ಧ ಈ ವರ್ಷ, ಅರ್ಧ ಮುಂದಿನ ಸಲ. ಒಂದರ ಮೇಲೊಂದು ದಾಟಿರೋ ಬೇರು, ಕಾಂಡಾನೇ ಸುತ್ತಿಕೊಂಡಿರೋ ಬೇರು ತೆಗೀರಿ, ಇವು ದಪ್ಪ ಆದ ಹಾಗೆ ಬುಡಾನ ಬಿಗಿದು ವಿಕಾರ ಮಾಡ್ತವೆ. ಪಕ್ಕಕ್ಕೆ ಹರಡಿದ ಬೇರುಗಳಲ್ಲಿ ತುಂಬಾ ದಪ್ಪ ಇರೋದನ್ನ ಗಿಡ್ಡ ಮಾಡಿ, ಸಣ್ಣದನ್ನ ಉದ್ದ ಬಿಡಿ, ಎರಡು ಮೂರು ವರ್ಷದಲ್ಲಿ ಅವು ಹೆಚ್ಚುಕಮ್ಮಿ ಒಂದೇ ದಪ್ಪಕ್ಕೆ ಬರ್ತವೆ. ಒಟ್ಟಿನಲ್ಲಿ ಮೂರನೇ ಒಂದು ಭಾಗದಿಂದ ಅರ್ಧದ ತನಕ ಬೇರು ಕಮ್ಮಿ ಆದ್ರೆ ಆರೋಗ್ಯವಾಗಿರೋ ಮೇಪಲ್, ಎಲ್ಮ್‌ಗೆ ತೊಂದರೆ ಇಲ್ಲ.

ಇದನ್ನ ಬೋನ್ಸಾಯ್ ಪಾಟಿಗೆ ಹಾಕ್ಬೇಡಿ. ಅಗಲವಾದ, ಹತ್ತು ಹನ್ನೆರಡು ಸೆಂಟಿಮೀಟರ್ ಆಳದ ಮರದ ಪೆಟ್ಟಿಗೆ ಅಥವಾ ಪ್ಲಾಸ್ಟಿಕ್ ಟ್ರೇ ಸಾಕು, ತಳದಲ್ಲಿ ಧಾರಾಳವಾಗಿ ತೂತು ಇರ್ಲಿ, ತೂತಿಗೆ ಜಾಲರಿ. ತೋಟದ ಮಣ್ಣು ಬೇಡ. ಮೂರರಿಂದ ಆರು ಮಿಲಿಮೀಟರ್ ಕಾಳಿನ ಗಾತ್ರದ ಮಿಶ್ರಣ, ಅಕಡಾಮಾ ಅನ್ನೋ ಜಪಾನಿನ ಗಟ್ಟಿ ಜೇಡಿಮಣ್ಣಿನ ಕಾಳು, ಪ್ಯೂಮಿಸ್ ಅನ್ನೋ ಹಗುರ ತೂತುಗಲ್ಲು, ಲಾವಾ ಕಲ್ಲು ಸಮಪಾಲು ಹಾಕೋದು ರೂಢಿ, ಅದು ಸಿಗದಿದ್ರೆ ಅದೇ ಗಾತ್ರದ ನೀರು ಹಿಡಿಯೋ ಯಾವ ಗಟ್ಟಿ ಕಾಳಾದ್ರೂ ಆಗತ್ತೆ. ಜರಡಿ ಹಿಡಿದು ಪುಡಿ ತೆಗೆಯೋದು ಮಾತ್ರ ತಪ್ಪಿಸಬೇಡಿ, ಪುಡಿ ತಳದಲ್ಲಿ ಕೂತ್ರೆ ನೀರು ಇಳಿಯಲ್ಲ, ಗಾಳಿ ಆಡಲ್ಲ, ಬೇರು ಕೊಳೆಯತ್ತೆ. ಆಳ ಕಮ್ಮಿ ಇರೋ ಪಾತ್ರೆಯಲ್ಲಿ ತಳದ ನೀರು ಬೇರಿಗೆ ಇನ್ನೂ ಹತ್ರ ಇರತ್ತೆ, ಅದಕ್ಕೇ ಮಿಶ್ರಣದ ವಿಷಯದಲ್ಲಿ ಇಷ್ಟು ಒತ್ತಿ ಹೇಳ್ತಿರೋದು.

ತಳದ ತೂತಿಂದ ತಂತಿ ತೂರಿಸಿ ಬೇರಿನ ಮೇಲಿಂದ ಬಿಗಿದು ಕಟ್ಟಿ. ಗಿಡ ಅಲ್ಲಾಡ್ತಿದ್ರೆ ಹೊಸದಾಗಿ ಹುಟ್ಟೋ ಕೂದಲು ಬೇರು ಪ್ರತಿ ಗಾಳಿಗೂ ಮುರಿಯತ್ತೆ. ಪೆಟ್ಟಿಗೆ ಎತ್ತಿದ್ರೆ ಗಿಡ ಪೆಟ್ಟಿಗೆ ಜೊತೇಲೇ ಬರಬೇಕು, ಅಷ್ಟು ಬಿಗಿ. ಬಿದಿರು ಕಡ್ಡಿಯಿಂದ ಚುಚ್ಚಿ ಚುಚ್ಚಿ ಬೇರಿನ ಸಂದಿಗೆಲ್ಲ ಕಾಳು ಇಳಿಸಿ, ಕೆಳಗೆ ತಿಳಿನೀರು ಬರೋ ತನಕ ನೀರು ಹಾಕಿ. ಎರಡು ಮೂರು ವಾರ ಗಾಳಿ, ಕಡು ಬಿಸಿಲಿಗೆ ಒಡ್ಡಬೇಡಿ. ಗೊಬ್ಬರ ಎಲೆ ಬಲಿತ ಮೇಲೆ.

ಮೇಲಿನ ಉದ್ದದ ಕೋಲು? ಹಾಗೇ ಇರ್ಲಿ. ಗಾಳಿಗೆ ವಾಲೋ ಹಾಗಿದ್ರೆ ತುದಿಯಲ್ಲಿ ಸ್ವಲ್ಪ ಕತ್ತರಿಸಿ, ಅಷ್ಟೇ. ಹೇಗಿದ್ರೂ ಹೋಗೋದಲ್ವಾ, ಈಗಲೇ ಕತ್ತರಿಸೋಣ ಅಂತ ಕೈ ತುರಿಸತ್ತೆ, ಆದ್ರೆ ಆ ಎಲೆಗಳೇ ಈ ವರ್ಷ ಬೇರಿಗೆ ಊಟ ಹಾಕೋದು. ನಾನು ಇದಕ್ಕೂ ಮುಂಚೆ ಒಂದು ಹಾರ್ನ್‌ಬೀಮ್‌ಗೆ ಬೇರು, ಕಾಂಡ ಎರಡನ್ನೂ ಒಂದೇ ದಿನ ಕತ್ತರಿಸಿದ್ದೆ. ಗಿಡ ಸಾಯ್ಲಿಲ್ಲ, ಆದ್ರೆ ಆ ವರ್ಷ ಪೂರ್ತಿ ಎರಡೇ ಎರಡು ಬಡಕಲು ಚಿಗುರು, ಬುಡದ ಒಂದು ಬದಿಯ ತೊಗಟೆ ಒಣಗಿ ಹೋಯ್ತು, ನಾನು ಇಷ್ಟಪಟ್ಟು ಉಳಿಸ್ಕೊಂಡಿದ್ದ ಬೇರೂ ಅದೇ ಬದಿಯದ್ದು. ಅವತ್ತಿಂದ ಒಂದು ಸೀಸನ್‌ಗೆ ಒಂದೇ ಪೆಟ್ಟು.

ಮುಂಭಾಗ ಯಾವುದು

ಆ ವರ್ಷ ಎಲೆ ಉದುರಿದ ಮೇಲೆ ಗಿಡಾನ ಕಣ್ಣಿನ ಮಟ್ಟಕ್ಕೆ ಎತ್ತಿಟ್ಟು, ಸ್ವಲ್ಪ ಸ್ವಲ್ಪ ತಿರುಗಿಸಿ ನೋಡಿ. ಆತುರ ಬೇಡ, ಒಂದು ವಾರ ತಗೊಳ್ಳಿ, ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ. ಬುಡ ಅತಿ ಅಗಲವಾಗಿ ಕಾಣೋ ಬದಿ ಯಾವುದು, ಕಾಂಡದ ಬಳುಕು ಎಡಬಲಕ್ಕೆ ಚೆನ್ನಾಗಿ ಕಾಣೋ ಬದಿ ಯಾವುದು, ಹಳೇ ಗಾಯ ಹಿಂದೆ ಹೋಗೋ ಬದಿ ಯಾವುದು. ಎಲ್ಲಾ ಒಂದೇ ಬದೀಲಿ ಸಿಗಲ್ಲ, ಆಗ ಬುಡಕ್ಕೇ ಮೊದಲ ಮಣೆ. ಗಿಡಾನ ಒಂದು ಪಕ್ಕಕ್ಕೆ ಹತ್ತು ಹದಿನೈದು ಡಿಗ್ರಿ ವಾಲಿಸಿ ಕೂಡ ನೋಡಿ, ನೇರ ಕೋಲಿನಂಥ ಗಿಡಕ್ಕೆ ಕೆಲವೊಮ್ಮೆ ಅಷ್ಟರಿಂದಲೇ ನಡೆ ಬರತ್ತೆ. ನಾನು ಫೋನಲ್ಲಿ ಫೋಟೋ ತೆಗೆದು ಅದರ ಮೇಲೆ ಬೆರಳಲ್ಲಿ ಮುಂದಿನ ಮರದ ಗೆರೆ ಎಳೀತೀನಿ, ಎಲ್ಲಿ ಕತ್ತರಿಸ್ಬೇಕು ಅನ್ನೋದು ಹತ್ತು ಸಲ ಎಳೆದ ಮೇಲೆ ತಾನಾಗೇ ಒಂದು ಜಾಗಕ್ಕೆ ಬಂದು ನಿಲ್ಲತ್ತೆ.

ಎರಡನೇ ವರ್ಷ: ಕಾಂಡ ಕತ್ತರಿಸೋದು

ಎಲ್ಲರಿಗೂ ಕೈ ನಡುಗೋದು ಇಲ್ಲೇ. ಮೊದಲ ಕಟ್ ಮುಗಿದ ಮರದ ಎತ್ತರದ ಸುಮಾರು ಮೂರನೇ ಒಂದು ಭಾಗದಲ್ಲಿ ಬರಬೇಕು, ನನ್ನ 24 ಸೆಂಟಿಮೀಟರ್ ಲೆಕ್ಕಕ್ಕೆ ಎಂಟು ಸೆಂಟಿಮೀಟರ್. ಯಾಕೆ ಅಷ್ಟು ಕೆಳಗೆ ಅಂದ್ರೆ, ನರ್ಸರಿ ಕಾಂಡ ಕೆಳಗಿಂದ ಮೇಲಿನ ತನಕ ಪೈಪ್ ಥರ ಒಂದೇ ದಪ್ಪ ಇರತ್ತೆ, ಮರ ದೊಡ್ಡದಾಗಿ ಕಾಣ್ಬೇಕು ಅಂದ್ರೆ ಕಾಂಡ ಮೇಲೆ ಹೋದ ಹಾಗೆ ಸಪೂರ ಆಗ್ಬೇಕು. ಕಟ್ ಆದ ಜಾಗದಿಂದ ಹೊಸ ಚಿಗುರು ಬಂದು ಅದೇ ಮುಂದಿನ ಕಾಂಡ ಆಗತ್ತೆ, ಅದು ಕೆಳಗಿನ ತುಂಡಿಗಿಂತ ಸಪೂರ, ಅದನ್ನ ಮತ್ತೆ ಕತ್ತರಿಸಿದ್ರೆ ಅದರ ಮೇಲಿನದು ಇನ್ನೂ ಸಪೂರ. ಪ್ರತಿ ಕಟ್‌ನಲ್ಲೂ ಚಿಗುರಿನ ದಿಕ್ಕು ಬದಲಾಯಿಸಿದ್ರೆ ಬಳುಕೂ ತಾನಾಗೇ ಬರತ್ತೆ. ದಕ್ಷಿಣ ಚೀನಾದ ಲಿಂಗ್ನಾನ್ ಪದ್ಧತಿ ಇದೇ, ತಂತಿಗಿಂತ ಹೆಚ್ಚಾಗಿ ಕತ್ತರಿಸೋದು ಬೆಳೆಸೋದು, ಕತ್ತರಿಸೋದು ಬೆಳೆಸೋದು ಇಷ್ಟರಲ್ಲೇ ಮರ ಕಟ್ಟೋದು. ಎಲೆ ಉದುರಿಸೋ ಮರಕ್ಕೆ ಇದಕ್ಕಿಂತ ಸಹಜವಾದ ದಾರಿ ನಾನು ಕಂಡಿಲ್ಲ.

ಸಮಯದ ವಿಷಯ: ಎಲ್ಮ್ ಆದ್ರೆ ಚಳಿಗಾಲದ ಕೊನೆಯಲ್ಲಿ, ಮೊಗ್ಗು ಒಡೆಯೋ ಮುಂಚೆ ಕತ್ತರಿಸಬಹುದು. ಮೇಪಲ್‌ಗಳಲ್ಲಿ ಆ ಹೊತ್ತಿಗೆ ರಸ ಏರೋಕೆ ಶುರುವಾಗಿರತ್ತೆ, ಕತ್ತರಿಸಿದ್ರೆ ತೊಟ್ಟಿಕ್ಕತ್ತೆ, ಹಾಗಾಗಿ ಮೊದಲ ಎಲೆಗಳು ಪೂರ್ತಿ ಬಲಿತು ಗಟ್ಟಿಯಾದ ಮೇಲೆ, ಬೇಸಿಗೆ ಶುರುವಲ್ಲಿ ದೊಡ್ಡ ಕಟ್ ಮಾಡೋದು ನನಗೆ ಸರಿ ಅನ್ಸತ್ತೆ, ಆಗ ಗಾಯ ಕೂಡೋದೂ ಬೇಗ.

ಕತ್ತರಿಸೋ ರೀತಿ ಬಗ್ಗೆ ಸ್ವಲ್ಪ ಗಮನ ಕೊಡಿ. ಎಷ್ಟೋ ಕಡೆ ಮೊದಲ ಸಲವೇ ಓರೆ ಕಟ್ ಮಾಡಿ ಅಂತ ತೋರಿಸ್ತಾರೆ. ನಾನು ಮೊದಲ ಸಲ ಅಡ್ಡಕ್ಕೆ, ಸಮನಾಗಿ ಕತ್ತರಿಸ್ತೀನಿ, ಬೇಕಾದ ಎತ್ತರಕ್ಕಿಂತ ಒಂದೆರಡು ಸೆಂಟಿಮೀಟರ್ ಮೇಲೆ. ಯಾಕಂದ್ರೆ ಕಟ್ ಆದ ಮೇಲೆ ಮರ ಎಲ್ಲಿ ಚಿಗುರಬೇಕು ಅಂತ ತಾನೇ ತೀರ್ಮಾನ ಮಾಡತ್ತೆ, ಚಿಗುರು ಬಂದ ಗೆಣ್ಣಿನ ತನಕ ಕಾಂಡ ಒಣಗಿ ಬರತ್ತೆ. ಓರೆಯಾಗಿ ಕತ್ತರಿಸಿ ಮುಗಿಸಿಬಿಟ್ಟು, ಚಿಗುರು ಮಾತ್ರ ಆ ಕಡೆ ಬಾರದೆ ಇನ್ನೊಂದು ಕಡೆ ಕೆಳಗೆ ಬಂದ್ರೆ ಎರಡು ದೊಡ್ಡ ಗಾಯ ಆಗತ್ತೆ. ಮುಂದಿನ ವರ್ಷ, ಮುಂದಾಳು ಚಿಗುರು, ಅಂದ್ರೆ ಮುಂದಿನ ಕಾಂಡ ಆಗೋ ಚಿಗುರು, ಯಾವುದು ಅಂತ ಗೊತ್ತಾದ ಮೇಲೆ, ಆ ಚಿಗುರಿನ ಬುಡದಿಂದ ಎದುರು ಬದಿಗೆ ಇಳಿಜಾರಾಗಿ ಕತ್ತರಿಸಿ. ಹರಿತವಾದ ಚಾಕುವಿಂದ ಗಾಯದ ಅಂಚು ನುಣ್ಣಗೆ ಮಾಡಿ, ತೊಗಟೆ ಕೆಳಗಿನ ಹಸಿರು ಪದರ ಒಂದು ಉಂಗುರದ ಥರ ಸ್ಪಷ್ಟವಾಗಿ ಕಾಣ್ಬೇಕು, ಗಾಯ ಮುಚ್ಚೋ ಹೊಸ ತೊಗಟೆ ಹುಟ್ಟೋದು ಆ ಪದರದಿಂದ. ಗಾಯದ ನಡು ಭಾಗ ಸ್ವಲ್ಪ ತಗ್ಗಾಗಿ ಕೆತ್ತಿದ್ರೆ ಮುಚ್ಚಿದ ಮೇಲೆ ಉಬ್ಬು ಕಾಣಲ್ಲ. ಮೇಲೆ ಕಟ್ ಪೇಸ್ಟ್, ಅಂದ್ರೆ ಮರದ ಗಾಯಕ್ಕೆ ಹಚ್ಚೋ ಪೇಸ್ಟ್, ಹಚ್ಚಿ, ಅಂಚು ಒಣಗದೆ ಇರೋದು ಮುಖ್ಯ.

ಕಟ್ ಆದ ಮೇಲೆ ಕೆಲವು ವಾರ ಏನೂ ಆಗಲ್ಲ. ಆಮೇಲೆ ಒಂದು ದಿನ ಬೆಳಿಗ್ಗೆ ಬರಿ ಕೊರಡಿನ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕಿ, ಮಾರನೇ ದಿನ ಇನ್ನೆರಡು, ವಾರದಲ್ಲಿ ಸುತ್ತ ಹತ್ತು ಹದಿನೈದು. ನಾನು ಕೈಲಿ ಲೆನ್ಸ್ ಹಿಡ್ಕೊಂಡು ಆ ಚುಕ್ಕಿಗಳನ್ನ ಎಣಿಸ್ತಾ ಕೂತಿದ್ದು ಈಗಲೂ ನೆನಪಿದೆ. ಎಲ್ಲಾ ಚಿಗುರನ್ನೂ ಮೊದಲು ಬೆಳೆಯೋಕೆ ಬಿಡಿ, ಒಂದು ಗೇಣು ಬಂದ ಮೇಲೆ ಆರಿಸಿ. ಕಟ್‌ನ ಹತ್ರ ಇರೋದ್ರಲ್ಲಿ ಒಂದು ಮುಂದಾಳು, ಅದನ್ನ ತಂತಿ ಹಾಕಿ ಮೇಲಕ್ಕೆ ಓರೆಯಾಗಿ ತಿರುಗಿಸಿ, ಅದಕ್ಕೆ ಕತ್ತರಿ ಮುಟ್ಟಿಸಲೇಬೇಡಿ, ಮೀಟರ್ ಉದ್ದ ಹೋಗ್ಲಿ. ಕೆಳಗಿನ ಒಂದೆರಡು ಚಿಗುರು ಮುಂದೆ ಕೊಂಬೆ ಆಗೋಕೆ. ಅಂಚಿನಲ್ಲಿ ಗೊಂಚಲಾಗಿ ಬಂದಿರೋ ಉಳಿದವನ್ನ ತೆಗೀರಿ, ಬಿಟ್ರೆ ಆ ಜಾಗ ಊದ್ಕೊಂಡು ಕೆಳಗಿಗಿಂತ ಮೇಲೆ ದಪ್ಪ ಆಗತ್ತೆ, ಆ ಉಬ್ಬು ಚಳಿಗಾಲದಲ್ಲಿ ಕಣ್ಣಿಗೆ ಹೊಡೆಯತ್ತೆ.

ಮುಂದಾಳು ಕಟ್‌ನ ಜಾಗದಲ್ಲಿ ಕೆಳಗಿನ ಕಾಂಡದ ಮೂರನೇ ಎರಡು ಭಾಗದಷ್ಟು ದಪ್ಪ ಆದಾಗ ಮತ್ತೆ ಕತ್ತರಿಸಿ, ಈ ಸಲ ತುಂಡು ಮೊದಲನೇದಕ್ಕಿಂತ ಗಿಡ್ಡ. ಇದಕ್ಕೆ ಎರಡು ವರ್ಷವೂ ಆಗಬಹುದು, ನಾಲ್ಕು ವರ್ಷವೂ ಆಗಬಹುದು.

ಕೊಂಬೆಗಳು

ಕೊಂಬೆ ಆರಿಸೋಕೆ ನಿಯಮಗಳ ಪಟ್ಟಿ ಉದ್ದ ಇದೆ, ನಾನು ನೋಡೋದು ಇಷ್ಟು. ಮೇಪಲ್‌ನಲ್ಲಿ ಮೊಗ್ಗು ಜೋಡಿಜೋಡಿಯಾಗಿ ಎದುರುಬದುರು ಬರೋದ್ರಿಂದ ಒಂದೇ ಮಟ್ಟದಲ್ಲಿ ಎರಡು ಕೊಂಬೆ ಸಿಗತ್ತೆ, ಎರಡರಲ್ಲಿ ಒಂದೇ ಇರ್ಲಿ, ಇಲ್ಲಾಂದ್ರೆ ತೋಳು ಚಾಚಿ ನಿಂತ ಹಾಗೆ ಕಾಣತ್ತೆ ಮತ್ತೆ ಅಲ್ಲಿ ಕಾಂಡ ಊದತ್ತೆ. ಬಳುಕಿನ ಹೊರಮೈಯಿಂದ ಬಂದ ಕೊಂಬೆ ಒಳ್ಳೇದು, ಒಳಮೈಯಿಂದ ಬಂದದ್ದು ಬೇಡ. ಮೊದಲ ಕೊಂಬೆ ಎತ್ತರದ ಸುಮಾರು ಮೂರನೇ ಒಂದು ಭಾಗದಲ್ಲಿ, ಮೇಲೆ ಹೋದ ಹಾಗೆ ಅಂತರ ಕಮ್ಮಿ, ದಪ್ಪ ಕಮ್ಮಿ. ಕಾಂಡದ ಅರ್ಧಕ್ಕಿಂತ ದಪ್ಪ ಇರೋ ಕೊಂಬೇನ ಇಟ್ಕೊಂಡ್ರೆ ಅದು ಕೊಂಬೆ ಥರ ಕಾಣಲ್ಲ, ಇನ್ನೊಂದು ಕಾಂಡ ಥರ ಕಾಣತ್ತೆ. ಯಾವುದಾದ್ರೂ ಕೊಂಬೆ ಬೇಕೋ ಬೇಡ್ವೋ ಅಂತ ಅನುಮಾನ ಇದ್ರೆ ಅದರ ಮೇಲೆ ಒಂದು ಬಿಳಿ ಬಟ್ಟೆ ಹೊದಿಸಿ ಎರಡು ಹೆಜ್ಜೆ ಹಿಂದೆ ಹೋಗಿ ನೋಡಿ, ಇಲ್ಲದಿದ್ರೆ ಮರ ಹೇಗಿರತ್ತೆ ಅಂತ ಗೊತ್ತಾಗತ್ತೆ.

ಬೇಡದ ಕೊಂಬೆ ಎಲ್ಲಾ ಒಟ್ಟಿಗೆ ತೆಗೀಬೇಕು ಅಂತೇನಿಲ್ಲ. ಬುಡದ ಹತ್ರ ಹಿಂದಿನ ಬದೀಲಿ ಒಂದು ಕೊಂಬೇನ ಮನಸೋ ಇಚ್ಛೆ ಬೆಳೆಯೋಕೆ ಬಿಟ್ರೆ ಅದು ಬುಡ ದಪ್ಪ ಮಾಡಿ ಕೊಡತ್ತೆ, ಕೆಲಸ ಆದ ಮೇಲೆ ಅದನ್ನ ತೆಗೀಬಹುದು. ಗಾಯ ಹಿಂದೆ ಇರತ್ತೆ.

ಕವಲು ಹೆಚ್ಚಿಸೋ ಕ್ರಮ ಸುಲಭ, ಬೇಕಾಗಿರೋದು ತಾಳ್ಮೆ. ಚಿಗುರು ಆರೇಳು ಗೆಣ್ಣು ಬೆಳೆಯೋ ತನಕ ಬಿಡಿ, ಬುಡದಲ್ಲಿ ಹಸಿರು ಹೋಗಿ ಕಂದು ಬಂದ ಮೇಲೆ, ಮೇಪಲ್ ಆದ್ರೆ ಮೊದಲ ಜೋಡಿ ಎಲೆ, ಎಲ್ಮ್ ಆದ್ರೆ ಎರಡು ಎಲೆ ಉಳಿಸಿ ಕತ್ತರಿಸಿ. ಉಳಿದ ಎಲೆಯ ಕಂಕುಳಲ್ಲಿರೋ ಮೊಗ್ಗು ಯಾವ ಕಡೆ ಮುಖ ಮಾಡಿದೆಯೋ ಮುಂದಿನ ರೆಂಬೆ ಆ ಕಡೆಗೇ ಹೋಗೋದು. ಎಲ್ಮ್‌ನಲ್ಲಿ ಕೊನೇ ಮೊಗ್ಗು ಹೊರಗಡೆಗೆ ಇರೋ ಹಾಗೆ ನೋಡಿ ಕತ್ತರಿಸಿ. ಮೇಪಲ್‌ನಲ್ಲಿ ಒಂದು ಗೆಣ್ಣಿನ ಜೋಡಿ ಎಡಬಲಕ್ಕಿದ್ರೆ ಅದರ ಮುಂದಿನ ಗೆಣ್ಣಿನದು ಮೇಲೆ ಕೆಳಗೆ ಇರತ್ತೆ, ಎಡಬಲದ ಜೋಡಿ ಮೇಲೆ ಕತ್ತರಿಸಿದ್ರೆ ಸಹಜವಾದ ಕವಲು ಸಿಗತ್ತೆ, ಮೇಲೆ ಕೆಳಗಿನ ಜೋಡಿ ಮೇಲೆ ಕತ್ತರಿಸಿದ್ರೆ ಒಂದು ಆಕಾಶಕ್ಕೆ, ಒಂದು ನೆಲಕ್ಕೆ. ಇದೊಂದು ವಿಷಯ ಕಣ್ಣಿಗೆ ಹತ್ತಿದ ಮೇಲೆ ನಿಮ್ಮ ಕೈ ಬೇರೆ ಥರನೇ ಓಡತ್ತೆ, ಕತ್ತರಿ ಹಿಡಿದಾಗೆಲ್ಲ ಮೊದಲು ಮೊಗ್ಗಿನ ಮುಖ ನೋಡ್ತೀರಿ.

ಕುಡಿ ಚಿವುಟೋದನ್ನ ಈಗಲೇ ಶುರು ಮಾಡ್ಬೇಡಿ. ಎಳೆ ಚಿಗುರಿನ ಕುಡಿ ಚಿವುಟೋದು ಮುಗಿದ ಮರಾನ ತಿದ್ದೋ ಕೆಲಸ, ಅದರಿಂದ ಗಿಡದ ಶಕ್ತಿ ಕುಗ್ಗತ್ತೆ, ಇನ್ನೂ ಕಟ್ತಾ ಇರೋ ಮರಕ್ಕೆ ಬೇಕಾಗಿರೋದು ಬಲ. ಒಂದು ಕಡೆ ಮಾತ್ರ ಹಿಡಿತ ಬೇಕು, ಅದು ಸುಳಿ. ಮರ ಯಾವತ್ತೂ ತನ್ನ ಶಕ್ತೀನ ತುದಿಗೇ ಕಳಿಸತ್ತೆ, ಸುಮ್ನೆ ಬಿಟ್ರೆ ಮೇಲೆ ದಟ್ಟವಾಗಿ ಕೆಳಗಿನ ಕೊಂಬೆ ಸೊರಗಿ ಸಾಯತ್ತೆ. ಮುಂದಾಳು ದಪ್ಪ ಆಗಿ ಕಾಂಡದ ಗೆರೆ ಮುಗಿದ ಮೇಲೆ ಮೇಲ್ಭಾಗ ಬೇಗ ಬೇಗ ಕತ್ತರಿಸಿ, ಕೆಳಗಿನದು ತಡವಾಗಿ.

ತಂತಿ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನೋದು ಇಲ್ಲಿ ಅಕ್ಷರಶಃ ನಿಜ, ಹಾರ್ನ್‌ಬೀಮ್ ಕೊಂಬೆ ಪೆನ್ಸಿಲ್ ದಪ್ಪ ಆದ ಮೇಲೆ ಬಗ್ಗಿಸೋಕೆ ಹೋದ್ರೆ ಟಪ್ ಅಂತ ಮುರಿಯತ್ತೆ. ಆಯಾ ವರ್ಷದ ಚಿಗುರು ಹಸಿರಿಂದ ಕಂದಿಗೆ ತಿರುಗೋ ಹೊತ್ತಲ್ಲಿ ತಂತಿ ಹಾಕಿ. ಅಲ್ಯೂಮಿನಿಯಂ ತಂತಿ ಸಾಕು, ತಾಮ್ರ ಈ ಮೆತ್ತನೆ ತೊಗಟೆಗೆ ಬಿರುಸು. ತಂತಿ ದಪ್ಪ ಕೊಂಬೆಯ ಮೂರನೇ ಒಂದು ಭಾಗ, ಸುತ್ತು 45 ಡಿಗ್ರಿ ಓರೆ, ಒಂದು ತುದಿ ಕಾಂಡಕ್ಕೋ ಇನ್ನೊಂದು ಕೊಂಬೆಗೋ ಭದ್ರವಾಗಿ ಸಿಕ್ಕಿರ್ಬೇಕು. ಬಗ್ಗಿಸೋವಾಗ ಬಳುಕಿನ ಹೊರಮೈ ಮೇಲೆ ತಂತಿ ಇದ್ರೆ ಕೊಂಬೆ ಸೀಳಲ್ಲ. ಕೊಂಬೆ ಬುಡದಲ್ಲಿ ಸ್ವಲ್ಪ ಮೇಲೆದ್ದು ಆಮೇಲೆ ಹೊರಗೆ ಹೋಗೋ ಹಾಗೆ ಬಗ್ಗಿಸಿ, ಪೈನ್ ಥರ ಕೆಳಗೆ ಜೋತು ಬಿಟ್ರೆ ಎಲೆ ಉದುರಿಸೋ ಮರಕ್ಕೆ ಅದು ಪರಕೀಯವಾಗಿ ಕಾಣತ್ತೆ.

ವಾರಕ್ಕೊಂದು ಸಲ ನೋಡಿ. ಬೆಳೆಯೋ ಕಾಲದಲ್ಲಿ ಕೆಲವೇ ವಾರದಲ್ಲಿ ತಂತಿ ತೊಗಟೆ ಒಳಗೆ ಕಚ್ಕೊಳ್ಳತ್ತೆ. ನನ್ನ ಮೇಪಲ್‌ನ ಎಡಗಡೆ ಕೊಂಬೇಲಿ ನಾನು ಹದಿನೈದು ದಿನ ನೋಡದೇ ಬಿಟ್ಟಿದ್ದಕ್ಕೆ ತಿರುಪಿನ ಗುರುತು ಬಿದ್ದಿದೆ, ಮೇಪಲ್ ತೊಗಟೆ ನುಣುಪು, ಮೂರು ವರ್ಷ ಆದ್ರೂ ಮಾಸಿಲ್ಲ. ತೆಗೆಯೋವಾಗ ಬಿಚ್ಚಬೇಡಿ, ಸುತ್ತು ಸುತ್ತಿಗೂ ತುಂಡು ಮಾಡಿ ತೆಗೀರಿ, ಬಿಚ್ಚೋಕೆ ಹೋದ್ರೆ ಮೊಗ್ಗು ಉದುರತ್ತೆ. ತಂತಿ ಸುತ್ತೋಕೆ ಧೈರ್ಯ ಸಾಲದಿದ್ರೆ ಕೊಂಬೆಗೆ ರಬ್ಬರ್ ಟ್ಯೂಬಿನ ತುಂಡು ಹಾಕಿ ದಾರದಿಂದ ಪೆಟ್ಟಿಗೆ ಅಂಚಿಗೆ ಎಳೆದು ಕಟ್ಟಬಹುದು, ಗುರುತು ಬೀಳೋ ಭಯ ಕಮ್ಮಿ.

ಉಳಿದ ಆರೈಕೆ, ಮತ್ತೆ ಪಾಟು

ಈ ಮರಗಳು ಹೊರಗಡೆ ಇರ್ಬೇಕು. ಮನೆ ಒಳಗೆ ಬೆಚ್ಚಗೆ ಇಟ್ರೆ ಚಳಿಗಾಲದ ನಿದ್ದೆ ಸಿಗಲ್ಲ, ತಂಪು ಬೇಡೋ ಜಾತಿಗಳು ಅದಿಲ್ಲದೆ ವರ್ಷದಿಂದ ವರ್ಷಕ್ಕೆ ಸೊರಗ್ತವೆ. ಹಿಮ ಬೀಳೋ ಕಡೆ ಬೇರಿಗೆ ರಕ್ಷಣೆ ಬೇಕು, ಕೊಂಬೆ ತಡ್ಕೊಳ್ಳೋ ಚಳೀನ ಪಾಟಲ್ಲಿರೋ ಬೇರು ತಡ್ಕೊಳ್ಳಲ್ಲ. ನೀರು ದಿನಕ್ಕಿಷ್ಟು ಅಂತ ಲೆಕ್ಕ ಇಲ್ಲ, ಮೇಲಿನ ಕಾಳು ಒಣಗಿ ಬಣ್ಣ ತಿರುಗಿದಾಗ ಹಾಕಿ, ಎಲೆ ಇಲ್ಲದಾಗ ಕಮ್ಮಿ, ಆದ್ರೆ ಪೂರ್ತಿ ಒಣಗೋಕೆ ಬಿಡ್ಬೇಡಿ. ಬೆಳೆಸೋ ಹಂತದಲ್ಲಿ ಗೊಬ್ಬರ ಧಾರಾಳ ಇರ್ಲಿ.

ಎಲ್ಲಾ ಎಲೆ ಕತ್ತರಿಸಿ ಹೊಸ ಸಣ್ಣ ಎಲೆ ತರಿಸೋ ವಿಧಾನದ ಬಗ್ಗೆ ಬಹಳ ಜನ ಕೇಳ್ತಾರೆ. ಅದು ಕೊಂಬೆಗಳು ಪೂರ್ತಿ ರೂಪುಗೊಂಡಿರೋ ಬಲವಾದ ಮೇಪಲ್, ಎಲ್ಮ್‌ಗೆ ಮಾತ್ರ, ಬೇರು ಕತ್ತರಿಸಿದ ವರ್ಷ ಖಂಡಿತ ಬೇಡ, ಬೀಚ್‌ಗೆ ಬೇಡ. ನಾಲ್ಕೈದು ವರ್ಷ ಆ ಯೋಚನೆ ಪಕ್ಕಕ್ಕಿಡಿ.

ಬೋನ್ಸಾಯ್ ಪಾಟಿಗೆ ಹೋಗೋದು ಕಾಂಡ, ಮುಖ್ಯ ಕೊಂಬೆಗಳ ದಪ್ಪ ಮನಸ್ಸಿಗೆ ಒಪ್ಪಿದ ಮೇಲೆ. ಸಣ್ಣ ಪಾಟಿಗೆ ಹೋದ ಮೇಲೆ ದಪ್ಪ ಆಗೋದು ಹೆಚ್ಚುಕಮ್ಮಿ ನಿಂತೇ ಹೋಗತ್ತೆ, ನಾನು ನೋಡಿದ ಎಷ್ಟೋ ಮರಗಳು ಇದೊಂದು ಆತುರಕ್ಕೆ ಕಡ್ಡಿಯಾಗೇ ಉಳಿದುಬಿಟ್ಟಿವೆ. ಪಾಟಿನ ಉದ್ದ ಮರದ ಎತ್ತರದ ಮೂರನೇ ಎರಡು ಭಾಗ, ಆಳ ಬುಡದ ದಪ್ಪದಷ್ಟು, ಇದು ಶುರುವಿಗೆ ಸರಿಯಾದ ಅಳತೆ. ಎಲೆ ಉದುರಿಸೋ ಮರಕ್ಕೆ ಹೊಳಪಿನ ಬಣ್ಣದ ಪಾಟು ಒಪ್ಪತ್ತೆ, ತಿಳಿ ನೀಲಿ, ಕೆನೆ ಬಣ್ಣ, ಚಳಿಗಾಲದ ಬೂದು ತೊಗಟೆ ಪಕ್ಕ ಅದು ಬಹಳ ಚೆನ್ನಾಗಿ ಕೂರತ್ತೆ.

ಪ್ರತಿ ವರ್ಷ ಎಲೆ ಉದುರಿದ ಮೇಲೆ ಅದೇ ಜಾಗದಲ್ಲಿ, ಅದೇ ಎತ್ತರದಿಂದ ಒಂದು ಫೋಟೋ ತೆಗೀರಿ, ಹಿಂದೆ ಬಿಳಿ ಹಾಳೆ ಇಟ್ಕೊಳ್ಳಿ. ಎಲೆ ಇದ್ದಾಗ ಗೊತ್ತಾಗದ ತಪ್ಪು, ಯಾವ ಕವಲು ಒತ್ತಾಗಿದೆ, ಯಾವುದು ದಾಟಿದೆ ಅನ್ನೋದು ಅವಾಗ ಕಾಣತ್ತೆ, ಕಂಡ ತಕ್ಷಣ ಆ ಜಾಗಕ್ಕೆ ಒಂದು ಬಣ್ಣದ ದಾರ ಕಟ್ಟಿಬಿಡಿ, ಕತ್ತರಿಸೋ ಸಮಯ ಬಂದಾಗ ಎಲೆ ಮಧ್ಯೆ ಹುಡುಕೋ ಕಷ್ಟ ಇರಲ್ಲ. ನನ್ನ ಟ್ರೈಡೆಂಟ್‌ನ ಮುಂದಾಳು ಈಗ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಆಗಿದೆ, ಮೊದಲ ಗಾಯದ ಉಂಗುರ ಮುಕ್ಕಾಲು ಮುಚ್ಚಿದೆ. ಆ ಗಾಯದಿಂದ ಆರು ಸೆಂಟಿಮೀಟರ್ ಮೇಲೆ, ಬಲಕ್ಕೆ ಮುಖ ಮಾಡಿರೋ ಒಂದು ಮೊಗ್ಗಿನ ಮೇಲೆ, ಕೆಂಪು ದಾರ ಕಟ್ಟಿದ್ದೀನಿ.